ಮನೆ ಅಣಬೆ ಬೇಸಾಯ: ಪದಗಳು ಮತ್ತು ಸಲಕರಣೆಗಳು

ಅಣಬೆ ಒಂದು ಶಿಲೀಂಧ್ರ. ಅದಕ್ಕೆ ಎಲೆಯಿಲ್ಲ, ಬೇರಿಲ್ಲ, ಹಸಿರು ಬಣ್ಣವಿಲ್ಲ. ಗಿಡಗಳಂತೆ ಬಿಸಿಲಿನಿಂದ ಅನ್ನ ಮಾಡಿಕೊಳ್ಳಲಾರದ ಕಾರಣ ಹುಲ್ಲು, ಮರ, ಗೊಬ್ಬರ ಮುಂತಾದ ಸತ್ತ ಸಸ್ಯಭಾಗಗಳನ್ನು ಕರಗಿಸಿ ಬದುಕುತ್ತದೆ. ಕಣ್ಣಿಗೆ ಕಾಣುವ ಕೊಡೆ ಅದರ ಹಣ್ಣು ಮಾತ್ರ. ನಿಜವಾದ ಒಡಲು ಹುಲ್ಲಿನೊಳಗೆ ಹರಡಿಕೊಂಡಿರುವ ನೂಲಿನಂಥ ಬಿಳಿ ಎಳೆಗಳು. ಮನೆಯಲ್ಲಿ ಅಣಬೆ ಬೆಳೆಯುವುದೆಂದರೆ ಈ ಎಳೆಗಳನ್ನು ಸಾಕುವುದು. ಎಳೆ ಚೆನ್ನಾಗಿ ಹಬ್ಬಿದರೆ ಕೊಡೆ ತಾನಾಗಿ ಏಳುತ್ತದೆ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಈ ಕಸುಬಿಗೆ ಬೇಕಾದ ಮೂಲವಸ್ತು ಊರೊಳಗೇ ಸಿಗುತ್ತದೆ. ಕಾವೇರಿ ಮತ್ತು ಹೇಮಾವತಿ ನಾಲೆಗಳ ಬಯಲಿನಲ್ಲಿ ಭತ್ತದ ಹುಲ್ಲು, ಪಾಂಡವಪುರದ ಸುತ್ತಿನ ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆ, ಹೆಚ್ಚಾಗಿ ಮಳೆಯನ್ನೇ ನಂಬಿದ ನಾಗಮಂಗಲದಲ್ಲಿ ರಾಗಿಹುಲ್ಲು ಮತ್ತು ತೆಂಗಿನ ನಾರಿನ ಪುಡಿ ದೊರೆಯುತ್ತವೆ. ಭತ್ತದ ಹುಲ್ಲಿನ ಮೇಲೆ ಚಿಪ್ಪು ಅಣಬೆ ಬೆಳೆಯುವ ವಿಧಾನವನ್ನು ಭಾರತದಲ್ಲಿ ಮೊದಮೊದಲಿಗೆ ಅಭ್ಯಾಸ ಮಾಡಿದ್ದು ಕೂಡ ಪಕ್ಕದ ಮೈಸೂರಿನಲ್ಲೇ. ಅಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಝಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ ತಮ್ಮ ಪ್ರಯೋಗಗಳ ವಿವರವನ್ನು 1962ರಲ್ಲಿ ಪ್ರಕಟಿಸಿದರು. ಇಂದು ಊರೂರುಗಳಲ್ಲಿ ಕಾಣುವ ಹುಲ್ಲು ತುಂಬಿದ ಚೀಲಗಳ ಹಿಂದೆ ಆ ಕೆಲಸವಿದೆ. ಶ್ರೀರಂಗಪಟ್ಟಣದಿಂದ ಆ ಸಂಸ್ಥೆಗೆ ಒಂದು ಗಂಟೆಯ ದಾರಿಯೂ ಇಲ್ಲ.

ಹೆಸರುಗಳು ಮತ್ತು ಜಾತಿಗಳು

ಹಳೆ ಮೈಸೂರು ಸೀಮೆಯಲ್ಲಿ ತಿನ್ನುವಂಥದ್ದಕ್ಕೆ ಅಣಬೆ ಎಂದೂ, ತಿನ್ನಬಾರದೆಂದು ನಂಬಿರುವುದಕ್ಕೆ ನಾಯಿಕೊಡೆ ಎಂದೂ ಹೇಳುವುದು ವಾಡಿಕೆ. ಮುಂಗಾರಿನ ಮೊದಲ ಗುಡುಗಿನ ಬೆನ್ನಿಗೆ ಗೆದ್ದಲಿನ ಹುತ್ತದ ಸುತ್ತ ಏಳುವ ಹುತ್ತದ ಅಣಬೆಗೆ ರುಚಿಯಲ್ಲಿ ಸಾಟಿಯಿಲ್ಲ. ಆದರೆ ಅದನ್ನು ಮನೆಯಲ್ಲಿ ಬೆಳೆಯಲು ಬರುವುದಿಲ್ಲ. ಗೆದ್ದಲುಗಳು ತಮ್ಮ ಗೂಡಿನೊಳಗೆ ಸಾಕಿಕೊಂಡ ಶಿಲೀಂಧ್ರದ ಹಣ್ಣು ಅದು, ಗೆದ್ದಲಿಲ್ಲದೆ ಅದು ಬಾಳದು. ಕಾಡು ಅಣಬೆಯ ವಿಷವನ್ನು ಬೆಳ್ಳಿ ಚಮಚ ಕಪ್ಪಾಗುವುದರಿಂದಲೋ ಹುಳು ತಿಂದಿರುವುದರಿಂದಲೋ ಪತ್ತೆ ಮಾಡಬಹುದೆಂಬ ನಂಬಿಕೆ ಪ್ರಾಣಕ್ಕೆ ಎರವಾಗುವಂಥದ್ದು. ಅಂಥ ಯಾವ ಪರೀಕ್ಷೆಯೂ ಭರವಸೆಗೆ ತಕ್ಕುದಲ್ಲ. ಗುರುತಿರುವ ಬೀಜದಿಂದ ಬೆಳೆದ ಅಣಬೆಯಲ್ಲಿ ಈ ಅಂಜಿಕೆಗೆ ಎಡೆಯಿಲ್ಲದಿರುವುದೇ ಮನೆ ಬೇಸಾಯದ ಮೊದಲ ಲಾಭ.

ಬೇಸಾಯಕ್ಕೆ ಒಗ್ಗಿದ ಜಾತಿಗಳಲ್ಲಿ ಈ ಸೀಮೆಗೆ ಮುಖ್ಯವಾದದ್ದು ಚಿಪ್ಪು ಅಣಬೆ. ಕಪ್ಪೆಚಿಪ್ಪಿನ ಆಕಾರದಿಂದ ಈ ಹೆಸರು ಬಂದಿದೆ. ಇದರಲ್ಲಿ ಬಿಳಿಯ ಫ್ಲೋರಿಡಾ, ಬೂದುಬಣ್ಣದ ಸಜೋರ್ ಕಾಜು, ಗುಲಾಬಿ ಬಣ್ಣದ ಇಯಸ್ ಎಂಬ ಬಗೆಗಳಿವೆ. 20ರಿಂದ 30 ಡಿಗ್ರಿ ಉಷ್ಣತೆ ಇದಕ್ಕೆ ಒಪ್ಪುತ್ತದೆ. ಹಾಗಾಗಿ ಮುಂಗಾರು ಹಿಡಿದ ಮೇಲಿಂದ ಮಾಘದ ಚಳಿ ಬಿಡುವವರೆಗೆ, ಎಂದರೆ ಜೂನ್‌ನಿಂದ ಫೆಬ್ರವರಿವರೆಗೆ, ಹೆಚ್ಚಿನ ಏರ್ಪಾಡಿಲ್ಲದೆ ಬೆಳೆಯಬಹುದು.

ಬೇಸಿಗೆಯ ಬೆಳೆ ಹಾಲು ಅಣಬೆ. ಹಾಲಿನಂತೆ ಬೆಳ್ಳಗಿರುವ, ದಪ್ಪ ತೊಟ್ಟಿನ ಈ ಅಣಬೆ ಭಾರತದ್ದೇ. ಇದನ್ನು 1974ರಲ್ಲಿ ಪಶ್ಚಿಮ ಬಂಗಾಳದಿಂದ ಗುರುತಿಸಿ ವರ್ಣಿಸಲಾಯಿತು, ವ್ಯಾಪಾರಕ್ಕೆ ತಕ್ಕ ಬೇಸಾಯ ಕ್ರಮವನ್ನು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ರೂಪಿಸಿತು. 30ರಿಂದ 35 ಡಿಗ್ರಿ ಸೆಖೆಯಲ್ಲೂ ಇದು ಏಳುತ್ತದೆ, ಕೊಯ್ದ ಮೇಲೆ ಚಿಪ್ಪು ಅಣಬೆಗಿಂತ ಹೆಚ್ಚು ದಿನ ತಾಳುತ್ತದೆ. ಭತ್ತದ ಹುಲ್ಲಿನ ಅಣಬೆಯೂ ಬಿಸಿ ಹವೆಯದೇ, ಆದರೆ ಕೊಯ್ದ ದಿನವೇ ಬಳಸದಿದ್ದರೆ ಕೆಡುತ್ತದೆ. ಅಂಗಡಿಯಲ್ಲಿ ಹೆಚ್ಚು ಕಾಣುವ ಗುಂಡಿ ಅಣಬೆಗೆ ಹದಗೊಳಿಸಿದ ಕಾಂಪೋಸ್ಟ್ ಬೇಕು, ಮೊಗ್ಗೊಡೆಯಲು 14ರಿಂದ 18 ಡಿಗ್ರಿ ತಂಪು ಬೇಕು. ಹವಾನಿಯಂತ್ರಿತ ಕೋಣೆಯಿಲ್ಲದ ಮಂಡ್ಯದ ಮನೆಗೆ ಅದು ಹೇಳಿದ ಬೆಳೆಯಲ್ಲ.

ಬೀಜಕ, ಬೀಜ, ಎಳೆ, ಮೊಗ್ಗು

ಕಲಿಯುವವರನ್ನು ಮೊದಲು ತೊಡಕಿಗೆ ಸಿಕ್ಕಿಸುವುದು ಬೀಜಕ ಮತ್ತು ಬೀಜ ಎಂಬ ಎರಡು ಪದಗಳು. ಬೀಜಕ ಎಂಬುದು ಕೊಡೆಯ ಅಡಿಯಲ್ಲಿರುವ ತೆಳು ಪದರಗಳಿಂದ ಉದುರುವ, ಬರಿಗಣ್ಣಿಗೆ ಧೂಳಿನಂತೆ ಮಾತ್ರ ಕಾಣುವ ಕಣ. ಬೆಳೆಗಾರರು ಇದನ್ನು ಬಿತ್ತುವುದಿಲ್ಲ. ಅವರು ಬೀಜ ಎನ್ನುವುದು ಬೇಯಿಸಿದ ಜೋಳ ಅಥವಾ ಗೋಧಿ ಕಾಳಿನ ಮೇಲೆ ಪ್ರಯೋಗಾಲಯದಲ್ಲಿ ಹಬ್ಬಿಸಿದ ಅಣಬೆಯ ಎಳೆಯನ್ನು. ಸ್ಪಾನ್ ಎಂಬ ಹೆಸರೂ ಬಳಕೆಯಲ್ಲಿದೆ. ಮೊಸರಿಗೆ ಹೆಪ್ಪು ಹೇಗೋ ಹುಲ್ಲಿಗೆ ಈ ಬೀಜ ಹಾಗೆ: ಬದುಕಿರುವ ಒಂದಿಷ್ಟನ್ನು ಹಾಕಿದರೆ ಅದು ಉಳಿದದ್ದನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ. ಹೆಪ್ಪು ಹುಳಿತಿದ್ದರೆ ಹಾಲೂ ಕೆಡುವಂತೆ, ಬೀಜ ಕೆಟ್ಟಿದ್ದರೆ ಚೀಲವೂ ಕೆಡುತ್ತದೆ.

ಬೀಜ ತಯಾರಿಕೆ ಮನೆಯ ಕೆಲಸವಲ್ಲ. ಬೇಯಿಸಿದ ಕಾಳಿಗೆ ಸುಣ್ಣದ ಪುಡಿ ಮತ್ತು ಜಿಪ್ಸಮ್ ಬೆರೆಸಿ, ಬಾಟಲಿ ಅಥವಾ ಶಾಖ ತಾಳುವ ಚೀಲಕ್ಕೆ ತುಂಬಿ, ಹತ್ತಿಯ ಬಿರಡೆ ಹಾಕಿ, ಆಟೋಕ್ಲೇವ್ ಎಂಬ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿ ಅಥವಾ ಅದಕ್ಕೂ ಮೇಲಿನ ಉಗಿಯಲ್ಲಿ ಒಂದೂವರೆ ಎರಡು ಗಂಟೆ ಬೇಯಿಸಬೇಕು. ಅನಂತರ ಗಾಳಿಯ ಧೂಳೂ ತಾಗದ ಪೆಟ್ಟಿಗೆಯಲ್ಲಿ ಶುದ್ಧ ತಳಿಯ ತುಣುಕನ್ನು ಸೇರಿಸಬೇಕು. ಇಷ್ಟಕ್ಕೆ ಬೇಕಾದ ಅಣಿ ಪ್ರಯೋಗಾಲಯದಲ್ಲಿ ಮಾತ್ರ ಇರುತ್ತದೆ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಬೀಜವನ್ನೂ ತರಬೇತಿಯನ್ನೂ ಒದಗಿಸುತ್ತ ಬಂದಿವೆ. ಜಿಲ್ಲೆಯೊಳಗೆ ಮಾಹಿತಿಗೆ ಹತ್ತಿರದ ಬಾಗಿಲು ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಮನೆಯ ಅಣಬೆಗೆ ಹಣ ಕೊಟ್ಟು ತರಲೇಬೇಕಾದ ವಸ್ತು ಬೀಜವೊಂದೇ ಎಂದರೂ ತಪ್ಪಲ್ಲ, ಅದರಲ್ಲಿ ಮಾತ್ರ ಉಳಿತಾಯ ನೋಡಬಾರದು.

ಒಳ್ಳೆಯ ಬೀಜದ ಚೀಲವನ್ನು ಬೆಳಕಿಗೆ ಹಿಡಿದರೆ ಪ್ರತಿ ಕಾಳೂ ಬೆಳ್ಳಗೆ ಹತ್ತಿಯಂತೆ ಸುತ್ತಿಕೊಂಡಿರುತ್ತದೆ, ಮೂಸಿದರೆ ಹಸಿ ಅಣಬೆಯ ಮೆಲುವಾದ ವಾಸನೆ ಬರುತ್ತದೆ. ಹಸಿರು ಅಥವಾ ಕಪ್ಪು ಚುಕ್ಕೆ, ತಳದಲ್ಲಿ ನಿಂತ ನೀರು, ಹುಳಿ ನಾತ ಇವುಗಳಲ್ಲಿ ಯಾವುದು ಕಂಡರೂ ಆ ಚೀಲವನ್ನು ಮರಳಿಸುವುದೇ ಸರಿ. ಹಬ್ಬಿ ಮುಗಿದ ತಾಜಾ ಬೀಜವನ್ನು ಬೇಗ ಬಳಸಬೇಕು. ಒಂದೆರಡು ವಾರ ಇಡಬೇಕಾದರೆ ಫ್ರಿಜ್‌ನ ಕೆಳ ಅಂಕಣದಲ್ಲಿಡಬೇಕು, ಮಂಜುಗಡ್ಡೆಯ ಅರೆಯಲ್ಲಲ್ಲ.

ಬೀಜದಿಂದ ಹುಲ್ಲಿಗೆ ಎಳೆ ಇಳಿದು ಚೀಲವೆಲ್ಲ ತುಂಬುವ ಅವಧಿಗೆ ಎಳೆ ಹಬ್ಬುವ ಹಂತ ಎನ್ನುತ್ತಾರೆ. ಆಮೇಲೆ ಗುಂಡುಸೂಜಿಯ ತಲೆಯಷ್ಟು ಗಾತ್ರದಲ್ಲಿ ಕಾಣಿಸುವುದು ಮೊಗ್ಗು. ಒಮ್ಮೆಗೆ ಎದ್ದು ಕೊಯ್ಲಿಗೆ ಬರುವ ಗುಂಪು ಒಂದು ಪೀಕು, ಒಂದು ಚೀಲ ಸಾಮಾನ್ಯವಾಗಿ ಮೂರು ಪೀಕು ಕೊಡುತ್ತದೆ. ಒಣಹುಲ್ಲಿನ ತೂಕಕ್ಕೆ ಎಷ್ಟು ಪಾಲು ಹಸಿ ಅಣಬೆ ಬಂತೆಂಬ ಲೆಕ್ಕಕ್ಕೆ ಜೈವಿಕ ದಕ್ಷತೆ ಎಂದು ಹೆಸರು. ಒಂದು ಕಿಲೋ ಒಣಹುಲ್ಲಿನಿಂದ 600 ಗ್ರಾಂ ಅಣಬೆ ಸಿಕ್ಕರೆ ದಕ್ಷತೆ ನೂರಕ್ಕೆ 60, ಮನೆಯ ಬೇಸಾಯಕ್ಕೆ ಇದು ಮೆಚ್ಚಬಹುದಾದ ಫಸಲು.

ಹುಲ್ಲು ಮತ್ತು ಅದರ ಹದ

ಎಳೆಗೆ ಅನ್ನವಾಗುವ ವಸ್ತುವನ್ನು ಪುಸ್ತಕಗಳು ತಳಮಾಧ್ಯಮ ಎನ್ನುತ್ತವೆ. ರೈತರ ಬಾಯಲ್ಲಿ ಅದು ಹುಲ್ಲೇ. ಆ ವರ್ಷದ ಸುಗ್ಗಿಯ, ಮಳೆಗೆ ನೆನೆಯದ, ಬಂಗಾರದ ಬಣ್ಣದ ಭತ್ತದ ಹುಲ್ಲು ಎಲ್ಲಕ್ಕಿಂತ ಉತ್ತಮ. ಮೆದೆಯ ನೆತ್ತಿ ಮತ್ತು ಬುಡದ ಹುಲ್ಲನ್ನು ಬಿಟ್ಟು ನಡುವಿನಿಂದ ಸೆಳೆದುಕೊಳ್ಳಬೇಕು, ಏಕೆಂದರೆ ನೆತ್ತಿ ಮಳೆ ಕುಡಿದಿರುತ್ತದೆ, ಬುಡ ನೆಲದ ತೇವ ಹೀರಿರುತ್ತದೆ. ಕೊಯ್ಲಿಗೆ ಸ್ವಲ್ಪ ಮುಂಚೆ ಶಿಲೀಂಧ್ರನಾಶಕ ಹೊಡೆದ ಗದ್ದೆಯ ಹುಲ್ಲು ಬೇಡ. ಯಂತ್ರ ಕೊಯ್ಲಿನ ಹುಲ್ಲು ನಲುಗಿರುತ್ತದೆ, ಹಸಿಯಿದ್ದಾಗಲೇ ಸಿಂಬಿ ಸುತ್ತಿದ್ದರೆ ಒಳಗೆ ಬೂಷ್ಟು ಕಟ್ಟಿರುತ್ತದೆ, ಆದ್ದರಿಂದ ಬಿಡಿಸಿ ನೋಡಿ ಒಣಗಿಸಿಕೊಳ್ಳಬೇಕು. ರಾಗಿಹುಲ್ಲಿನಲ್ಲೂ ಅಣಬೆ ಬರುತ್ತದೆ. ಆದರೆ ನಾಗಮಂಗಲದಂಥ ಕಡೆ ಬೇಸಿಗೆಯ ದನಕರುಗಳಿಗೆ ಅದೇ ಆಧಾರ, ಅದನ್ನು ಚೀಲಕ್ಕೆ ತುಂಬುವ ಮುನ್ನ ಕೊಟ್ಟಿಗೆಯ ಲೆಕ್ಕ ಹಾಕಬೇಕಾಗುತ್ತದೆ. ಕಬ್ಬಿನ ಸಿಪ್ಪೆಯಲ್ಲಿ ಸಿಹಿ ಉಳಿದಿದ್ದರೆ ಬೂಷ್ಟು ಬೇಗ ಹಿಡಿಯುವುದರಿಂದ ಚೆನ್ನಾಗಿ ತೊಳೆದು, ಹುಲ್ಲಿನೊಡನೆ ಬೆರೆಸಿ ಬಳಸುವುದು ಲೇಸು.

ಹುಲ್ಲನ್ನು 3ರಿಂದ 5 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಲು ಮೇವು ಕತ್ತರಿಸುವ ಯಂತ್ರವಿದ್ದರೆ ಕೆಲಸ ಹಗುರ. ನಾಲ್ಕೈದು ಚೀಲಕ್ಕೆ ಕುಡುಗೋಲೇ ಸಾಕು. ತುಂಡುಗಳನ್ನು ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ಬಾಯಿ ಕಟ್ಟಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿ ರಾತ್ರಿಯೆಲ್ಲ ನೆನೆಸಬೇಕು. ಮರುದಿನ ಬಿಸಿನೀರಿನ ಉಪಚಾರ. ಬಚ್ಚಲುಮನೆಯ ಹಂಡೆ ಮತ್ತು ಒಲೆ ಇದಕ್ಕೆ ಹೇಳಿ ಮಾಡಿಸಿದಂತಿವೆ. 80 ಡಿಗ್ರಿಗೆ ಕಡಿಮೆಯಾಗದ ನೀರಿನಲ್ಲಿ ಹುಲ್ಲು ಒಂದು ಗಂಟೆ ಮುಳುಗಿರಬೇಕು. ಇದರಿಂದ ಹುಲ್ಲಿನಲ್ಲಿರುವ ಎಲ್ಲ ಜೀವಿಗಳೂ ಸಾಯುವುದಿಲ್ಲ. ಅಣಬೆಯೊಂದಿಗೆ ಪೈಪೋಟಿಗೆ ನಿಲ್ಲುವ ಬೂಷ್ಟುಗಳು ಕುಗ್ಗಿ, ಅಣಬೆಗೆ ಮುಂದೆ ಓಡಲು ಅವಕಾಶ ಸಿಗುತ್ತದೆ. ಹಾಗಾಗಿ ಇದನ್ನು ಪಾಶ್ಚೀಕರಣ ಎನ್ನುವುದು ಸರಿ, ಪೂರ್ಣ ಕ್ರಿಮಿಶುದ್ಧಿ ಎನ್ನುವಂತಿಲ್ಲ.

ದೊಡ್ಡ ಘಟಕಗಳು ಸೌದೆ ಉಳಿಸಲು ಕಾರ್ಬೆಂಡಜಿಮ್ ಮತ್ತು ಫಾರ್ಮಲಿನ್ ಬೆರೆಸಿದ ತಣ್ಣೀರಿನಲ್ಲಿ ಹುಲ್ಲನ್ನು ಸುಮಾರು 18 ಗಂಟೆ ಮುಚ್ಚಿಡುತ್ತವೆ. ಚಿಪ್ಪು ಅಣಬೆಯ ಎಳೆ ಆ ಅಲ್ಪ ಪ್ರಮಾಣವನ್ನು ತಾಳಿಕೊಳ್ಳುತ್ತದೆ, ಹಸಿರು ಬೂಷ್ಟು ತಾಳಲಾರದು ಎಂಬುದೇ ಆ ಕ್ರಮದ ಗುಟ್ಟು. ಫಾರ್ಮಲಿನ್‌ನ ಆವಿ ಕಣ್ಣು ಮತ್ತು ಶ್ವಾಸಕ್ಕೆ ಕೆಡುಕು. ಮಕ್ಕಳು ಓಡಾಡುವ, ಹುಲ್ಲು ಕೊನೆಗೆ ದನಕ್ಕೆ ಹೋಗುವ ಮನೆಯಲ್ಲಿ ಹಂಡೆಯ ಬಿಸಿನೀರನ್ನು ಬಿಟ್ಟು ಇದರ ಹಿಂದೆ ಹೋಗಲು ಕಾರಣವಿಲ್ಲ.

ಬೆಂದ ಹುಲ್ಲನ್ನು ತೊಳೆದ ಇಳಿಜಾರು ಕಲ್ಲಿನ ಮೇಲೋ ಶುದ್ಧ ಬಟ್ಟೆಯ ಮೇಲೋ ಹರಡಿ, ನೆರಳಿನಲ್ಲಿ ನೀರು ಬಸಿದು ಆರಲು ಬಿಡಬೇಕು. ಇಡೀ ಬೇಸಾಯದಲ್ಲಿ ಕೈಯೇ ತಿಳಿಯಬೇಕಾದ ಘಟ್ಟ ಇದು. ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಬೇಕು. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಆರಬೇಕು. ಮುಷ್ಟಿ ಬಿಚ್ಚಿದಾಗ ಅಂಗೈ ಒಣಗಿದ್ದು ಹುಲ್ಲು ಗರಗರ ಸದ್ದು ಮಾಡಿದರೆ ಆರಿದ್ದು ಹೆಚ್ಚಾಯಿತು. ನೀರು ಬೀಳದೆ ಅಂಗೈ ಮಾತ್ರ ಒದ್ದೆಯಾಗಿ ಹೊಳೆದರೆ ಅದೇ ಹದ. ಆಗ ಹುಲ್ಲಿನಲ್ಲಿ ನೂರಕ್ಕೆ 65ರಿಂದ 70 ಪಾಲು ನೀರಿರುತ್ತದೆ, ಒಂದು ಕಿಲೋ ಒಣಹುಲ್ಲು ಹೆಚ್ಚುಕಡಿಮೆ ಮೂರು ಕಿಲೋ ತೂಗುತ್ತದೆ. ನೀರು ಹೆಚ್ಚಾದ ಚೀಲದ ತಳದಲ್ಲಿ ಗಾಳಿಯಾಡದೆ ಕೊಳೆತು ನಾರುತ್ತದೆ. ಹೊಸಬರು ಕಳೆದುಕೊಳ್ಳುವ ಚೀಲಗಳಲ್ಲಿ ಬಹುಪಾಲು ಈ ಒಂದು ತಪ್ಪಿನಿಂದಲೇ ಹೋಗುತ್ತವೆ.

ಚೀಲ ಮತ್ತು ಬಿತ್ತನೆ

ಚೀಲಕ್ಕೆ 30 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಅನುಕೂಲ. ಪಾರದರ್ಶಕವಾದರೆ ಒಳಗಿನ ಆಗುಹೋಗು ಕಾಣುತ್ತದೆ. ಇಂಥ ಚೀಲಕ್ಕೆ ಒಂದೂವರೆ ಕಿಲೋ ಒಣಹುಲ್ಲಿನಷ್ಟು ಹದವಾದ ಹುಲ್ಲು ಹಿಡಿಯುತ್ತದೆ, ಕಿಲೋ ಒಣಹುಲ್ಲಿಗೆ 100 ಗ್ರಾಂ ಲೆಕ್ಕದಲ್ಲಿ 150 ಗ್ರಾಂ ಬೀಜ ಬೇಕು. ಕೈ ತೊಳೆದು ಸ್ಪಿರಿಟ್ ಸವರಿಕೊಂಡು, ಫ್ಯಾನ್ ನಿಲ್ಲಿಸಿ, ಒಂದು ಪದರ ಹುಲ್ಲು ಹಾಕಿ ಅಂಗೈಯಿಂದ ಒತ್ತಿ, ಅಂಚಿನುದ್ದಕ್ಕೆ ಬೀಜ ಉದುರಿಸಿ, ಮತ್ತೆ ಹುಲ್ಲು ಹಾಕುತ್ತ ನಾಲ್ಕೈದು ಪದರ ಕಟ್ಟುತ್ತಾರೆ. ಇದಕ್ಕೆ ಪದರ ಬಿತ್ತನೆ ಎಂದು ಹೆಸರು. ಬಾಯಿ ಕಟ್ಟಿದ ಮೇಲೆ ಕಾಯಿಸಿದ ಸೂಜಿಯಿಂದ ಸುತ್ತಲೂ ಹತ್ತಿಪ್ಪತ್ತು ರಂಧ್ರ ಚುಚ್ಚಬೇಕು. ಎಳೆಗೂ ಉಸಿರು ಬೇಕು.

ಕೋಣೆ ಮತ್ತು ಅಳೆಯುವ ಸಾಧನಗಳು

ಮಂಡ್ಯ ಸೀಮೆಯ ರೈತರಿಗೆ ಅಣಬೆ ಕೋಣೆಯ ಶಿಸ್ತು ಹೊಸದೇನಲ್ಲ. ರೇಷ್ಮೆ ಹುಳುಮನೆಯಲ್ಲಿ ಅವರು ಮಾಡುತ್ತ ಬಂದ ಕೆಲಸವೇ ಇದು: ಸೋಂಕು ನಿವಾರಣೆ, ಬಾಗಿಲಲ್ಲಿ ಕಾಲು ತೊಳೆಯುವುದು, ಕಿಟಕಿಗೆ ಒದ್ದೆ ಗೋಣಿ ಇಳಿಬಿಡುವುದು, ನೊಣ ಬಾರದಂತೆ ಬಲೆ ಹೊಡೆಯುವುದು. ಹುಳುಮನೆಯ ಗೋಡೆಯಲ್ಲಿ ತೂಗುವ ಒಣ–ಒದ್ದೆ ಬಲ್ಬಿನ ತಾಪಮಾಪಕ ಇಲ್ಲೂ ಉಪಯುಕ್ತ. ಒಣ ಬಲ್ಬು 25 ಡಿಗ್ರಿ, ಬತ್ತಿ ಸುತ್ತಿದ ಒದ್ದೆ ಬಲ್ಬು 23 ಡಿಗ್ರಿ ತೋರಿಸಿದರೆ ಗಾಳಿಯ ತೇವ ನೂರಕ್ಕೆ ಸುಮಾರು 84. ಚಿಪ್ಪು ಅಣಬೆ ಏಳಲು 80ರಿಂದ 90 ಬೇಕು. ಎರಡೂ ಬಲ್ಬುಗಳ ನಡುವಿನ ಅಂತರ ಹಿಗ್ಗಿದಷ್ಟೂ ಗಾಳಿ ಒಣಗಿದೆ ಎಂದರ್ಥ. ಆದರೆ ಹುಳು ಸಾಕುವಾಗ ಅದೇ ಕೋಣೆಯಲ್ಲಿ ಅಣಬೆ ಬೇಡ. ಐದನೆಯ ಹಂತದ ಹುಳುಗಳಿಗೆ ತೇವ 70ರ ಆಸುಪಾಸಿನಲ್ಲಿರಬೇಕು, ಅಣಬೆಯ ತೇವದಲ್ಲಿ ಅವುಗಳಿಗೆ ರೋಗ ಬರುತ್ತದೆ.

ಎಳೆ ಹಬ್ಬುವಾಗ ಕೋಣೆ ಕತ್ತಲಾಗಿ, ಬೆಚ್ಚಗಿರಬೇಕು. ನೀರು ಚಿಮುಕಿಸುವ ಅಗತ್ಯವಿಲ್ಲ. ಮೊಗ್ಗಿಗೆ ಮಾತ್ರ ಪತ್ರಿಕೆ ಓದುವಷ್ಟು ಬೆಳಕು, ತೇವ, ಹೊಸಗಾಳಿ ಮೂರೂ ಬೇಕು. ಹಂಚಿನ ಮನೆಯ ಹಿತ್ತಲ ಕೋಣೆ, ತೆಂಗಿನ ಗರಿಯ ಗುಡಿಸಲು ಎರಡೂ ಆಗುತ್ತವೆ. ಶೀಟು ಹೊದಿಸಿದ ಕೋಣೆ ಮಧ್ಯಾಹ್ನ ಕಾಯುವುದರಿಂದ ಮೇಲೆ ಗರಿ ಹೊದಿಸಬೇಕು. ನೆಲಕ್ಕೆ ಒಂದು ಅಂಗುಲ ಮರಳು ಹರಡಿ ನೀರುಣಿಸಿದರೆ ತೇವ ನಿಲ್ಲುತ್ತದೆ. ನಾಲೆಬಯಲಿನ ಶ್ರೀರಂಗಪಟ್ಟಣದಲ್ಲಿ ದಿನಕ್ಕೆರಡು ಸಲ ಚಿಮುಕಿಸಿದರೆ ಸಾಕಾಗುವ ಕಾಲದಲ್ಲಿ ನಾಗಮಂಗಲದ ಒಣಗಾಳಿಗೆ ಮೂರು ನಾಲ್ಕು ಸಲ ಬೇಕಾಗಬಹುದು. ಚಿಮುಕಿಸಲು ಮಂಜಿನಂತೆ ಹನಿಸುವ ಕೈಪಂಪು ಬೇಕು. ಕೀಟನಾಶಕ ಹೊಡೆದ ಪಂಪನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬಾರದು. ನಾಲೆಯ ನೀರೂ ಬೇಡ, ಕುಡಿಯುವ ನೀರೇ ಆಗಬೇಕು. ಕೋಣೆ ಕೊಟ್ಟಿಗೆ ಮತ್ತು ತಿಪ್ಪೆಯಿಂದ ದೂರವಿದ್ದಷ್ಟೂ ನೊಣದ ಕಾಟ ಕಡಿಮೆ. ಚೀಲಗಳನ್ನು ನೈಲಾನ್ ಹಗ್ಗದ ನೆಲುವುಗಳಲ್ಲಿ ಒಂದರ ಕೆಳಗೊಂದು ತೂಗುಬಿಡಬಹುದು, ಬಿದಿರ ಅಟ್ಟಣಿಗೆಯ ಮೇಲೆ ಜೋಡಿಸಿಡಲೂಬಹುದು. ತೂಗುಬಿಟ್ಟರೆ ಇಲಿಗೆ ಎಟುಕುವುದಿಲ್ಲ.

ಒಂದು ಚೀಲದ ದಿನಚರಿ

ಬಿತ್ತಿದ ಮೂರನೆಯ ದಿನ ಕಾಳುಗಳ ಸುತ್ತ ಬಿಳಿ ನವಿರು ಮೂಡುತ್ತದೆ. ವಾರ ಕಳೆಯುವಷ್ಟರಲ್ಲಿ ಅಲ್ಲಲ್ಲಿನ ಬಿಳಿ ಮಚ್ಚೆಗಳು ಒಂದನ್ನೊಂದು ಮುಟ್ಟುತ್ತವೆ. ಹದಿನೈದರಿಂದ ಇಪ್ಪತ್ತು ದಿನಕ್ಕೆ ಚೀಲವೆಲ್ಲ ಬೆಳ್ಳಗಾಗಿ, ಬಿಡಿಬಿಡಿಯಾಗಿದ್ದ ಹುಲ್ಲು ದಿಂಬಿನಂತೆ ಒಂದೇ ಗಟ್ಟಿಯಾಗುತ್ತದೆ. ಬೆರಳಲ್ಲಿ ತಟ್ಟಿದರೆ ಮೊದಲಿನ ಸದ್ದು ಬರುವುದಿಲ್ಲ. ಆಗ ಬ್ಲೇಡಿನಿಂದ ಪ್ಲಾಸ್ಟಿಕ್ಕನ್ನು ಅಲ್ಲಲ್ಲಿ ಸೀಳಬೇಕು ಅಥವಾ ಪೂರ್ತಿ ಕಳಚಬೇಕು. ಸೀಳಿದ ಮೂರರಿಂದ ಐದು ದಿನಕ್ಕೆ ಮೊಗ್ಗು ಕಾಣುತ್ತದೆ, ಅಲ್ಲಿಂದ ಮೂರು ನಾಲ್ಕು ದಿನಕ್ಕೆ ಕೊಡೆ ಅಂಗೈಯಗಲವಾಗುತ್ತದೆ. ಅಂಚು ಒಳಕ್ಕೆ ಬಾಗಿರುವಾಗಲೇ, ಬೆಳಗಿನ ನೀರು ಚಿಮುಕಿಸುವ ಮುನ್ನ, ಗುಂಪನ್ನು ಬುಡಸಮೇತ ಹಿಡಿದು ತಿರುವಿ ಕೀಳಬೇಕು. ಉಳಿದ ಮೋಟು ಕೊಳೆತರೆ ನೊಣ ಮುತ್ತುತ್ತದೆ. ಅಂಚು ಮೇಲಕ್ಕೆ ಮಡಚಿದ ಅಣಬೆ ಬೀಜಕ ಉದುರಿಸತೊಡಗಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಧೂಳು ದಿನವೂ ಮೂಗಿಗೆ ಹೋದರೆ ಕೆಲವರಿಗೆ ಕೆಮ್ಮು, ಉಬ್ಬಸ ಬರುತ್ತದೆ. ಆದ್ದರಿಂದ ಬಟ್ಟೆಯನ್ನೋ ಮಾಸ್ಕನ್ನೋ ಕಟ್ಟಿಕೊಳ್ಳಬೇಕು, ಕೊಯ್ಲನ್ನು ತಡಮಾಡಬಾರದು. ಮುಂದಿನ ಪೀಕು ವಾರ ಹತ್ತು ದಿನಕ್ಕೆ ಏಳುತ್ತದೆ.

ಅಣಬೆಯ ಆಕಾರವೇ ಕೋಣೆಯ ಸ್ಥಿತಿಯನ್ನು ಹೇಳುತ್ತದೆ. ತೊಟ್ಟು ಉದ್ದವಾಗಿ ಕೊಡೆ ಪುಟ್ಟದಾಗಿದ್ದರೆ ಗಾಳಿ ಸಾಲದೆ ಇಂಗಾಲದ ಡೈಆಕ್ಸೈಡ್ ನಿಂತಿದೆ. ಅಂಚು ಒಣಗಿ ಸೀಳಿದ್ದರೆ ತೇವ ಸಾಲದು. ಕೊಡೆ ಹಳದಿಗಟ್ಟಿ ಲೋಳೆಯಾದರೆ ನೀರು ನೇರವಾಗಿ ಹೆಚ್ಚು ಬಿದ್ದಿದೆ. ಹುಲ್ಲಿನ ಮೇಲೆ ಹಸಿರು ಬೂಷ್ಟು ಅಂಗೈಯಗಲ ಹಬ್ಬಿದ ಚೀಲವನ್ನು ಬಿಚ್ಚದೆ ಹೊರಗೊಯ್ದು ಹೂಳಬೇಕು. ಕೋಣೆಯೊಳಗೆ ಬಿಚ್ಚಿದರೆ ಉಳಿದ ಚೀಲಗಳಿಗೂ ಬೀಜಕ ಹಾರುತ್ತದೆ. ಕೆಲವೊಮ್ಮೆ ತೆಳು ತೊಟ್ಟಿನ, ಒಂದೇ ದಿನದಲ್ಲಿ ಕರಗಿ ಕಪ್ಪುಮಸಿಯಾಗುವ ಬೇರೊಂದು ಅಣಬೆ ಚೀಲದಲ್ಲಿ ಏಳುವುದುಂಟು. ಅದು ಹುಲ್ಲು ಸರಿಯಾಗಿ ಬೇಯದ ಗುರುತು. ಬಿತ್ತದೆ ಬಂದದ್ದನ್ನು ತಿನ್ನಬಾರದು.

ಹಾಲು ಅಣಬೆಗೆ ಇವೆಲ್ಲದರ ಜೊತೆ ಹೊದಿಕೆ ಮಣ್ಣು ಬೇಕು. ಎಳೆ ಹಬ್ಬಿದ ಚೀಲವನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಸುಣ್ಣದ ಪುಡಿ ಬೆರೆಸಿ ಉಗಿಯಲ್ಲಿ ಬೇಯಿಸಿದ ತೋಟದ ಮಣ್ಣು ಮತ್ತು ಮರಳನ್ನು ಒಂದಂಗುಲದಷ್ಟು ಹೊದಿಸಿ ಒದ್ದೆಯಾಗಿಡುತ್ತಾರೆ. ಈ ಮಣ್ಣು ಅಣಬೆಗೆ ಆಹಾರವಲ್ಲ. ತೇವ ಹಿಡಿದಿಟ್ಟು ಮೊಗ್ಗೊಡೆಯಲು ಪ್ರಚೋದನೆ ಕೊಡುವುದೇ ಅದರ ಕೆಲಸ.

ಕೊಯ್ದ ಚಿಪ್ಪು ಅಣಬೆಯನ್ನು ತೊಳೆಯದೆ, ರಂಧ್ರವಿರುವ ಪೊಟ್ಟಣದಲ್ಲಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ತಾಜಾ ಇರುತ್ತದೆ. ಹಸಿ ಅಣಬೆಯಲ್ಲಿ ನೂರಕ್ಕೆ 90ರಷ್ಟು ನೀರೇ ಆಗಿರುವುದರಿಂದ ಹತ್ತು ಕಿಲೋ ಒಣಗಿಸಿದರೆ ಉಳಿಯುವುದು ಒಂದು ಕಿಲೋ. ಒಣಗಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಸಾರಿಗೆ ಬಳಸಬಹುದು. ಮೂರು ಪೀಕು ಮುಗಿಸಿದ ಹುಲ್ಲು ಮೆತ್ತಗಾಗಿರುತ್ತದೆ. ರಾಸಾಯನಿಕ ಸೋಕಿರದ, ಬೂಷ್ಟು ಹಿಡಿಯದ ಹುಲ್ಲನ್ನು ದನಗಳಿಗೆ ಬೇರೆ ಮೇವಿನೊಡನೆ ಸ್ವಲ್ಪಸ್ವಲ್ಪವಾಗಿ ಹಾಕಬಹುದು, ಉಳಿದದ್ದು ಎರೆಗೊಬ್ಬರದ ತೊಟ್ಟಿಗೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲಗಳನ್ನು ಒಲೆಗೆ ಹಾಕದೆ, ತೊಳೆದು ಒಣಗಿಸಿ ಒಣಕಸಕ್ಕೆ ಕೊಡಬೇಕು.